ಹೊರಗುತ್ತಿಗೆ ಅಡುಗೆಯವರ ಪಿಎಫ್: ಬಿಲ್‌ಗೆ ಸಹಿ ಹಾಕುವ ಮೊದಲು

ಹನ್ನೊಂದು ವರ್ಷ ಸರ್ಕಾರಿ ಹಾಸ್ಟೆಲ್‌ಗಳಲ್ಲಿ ವಾರ್ಡನ್ ಆಗಿದ್ದೆ. ಅಡುಗೆಯವರು ಏಜೆನ್ಸಿ ಮೂಲಕ ಬಂದವರು. ಹಾಜರಿ ಹಾಕುವುದು ನಾವು, ಸಂಬಳ ಕೊಡುವುದು ಏಜೆನ್ಸಿ, ಏಜೆನ್ಸಿಯ ಬಿಲ್‌ಗೆ ಸಹಿ ಹಾಕುವುದೂ ನಾವೇ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನನ್ನದು ಒಂದೇ ಮಾತು: ಪಿಎಫ್ ಚಲನ್ ನೋಡಿ ಸುಮ್ಮನಾಗಬೇಡಿ, ಹೆಸರಿನ ಪಟ್ಟಿ ಕೇಳಿ.

ಚಲನ್‌ನಲ್ಲಿ ಇರುವುದು ಒಟ್ಟು ಮೊತ್ತ. ಯಾರ ಹೆಸರಿಗೆ ಎಷ್ಟು ಹೋಯಿತು ಎಂಬುದು ಇಸಿಆರ್ ಪಟ್ಟಿಯಲ್ಲಿ, ಅಂದರೆ ಏಜೆನ್ಸಿ ಪ್ರತಿ ತಿಂಗಳು ಪಿಎಫ್ ಇಲಾಖೆಗೆ ಸಲ್ಲಿಸುವ ಹೆಸರುವಾರು ವಿವರದಲ್ಲಿ, ಇರುತ್ತದೆ. ನಮ್ಮ ಅಡುಗೆಯಕ್ಕ ಗಂಡನ ಆಪರೇಷನ್‌ಗೆಂದು ಪಿಎಫ್ ತೆಗೆಯಲು ಹೋದರೆ ಏಳು ತಿಂಗಳು ಖಾಲಿ! ಆ ಏಳೂ ಬಿಲ್‌ಗೆ ಚಲನ್ ಲಗತ್ತಿಸಿದ್ದರು, ನಾನು ಸಹಿ ಹಾಕಿದ್ದೆ. ಪಟ್ಟಿ ತರಿಸಿ ಸಾಲು ಸಾಲಿಗೂ ಬೆರಳಿಟ್ಟು ಓದಿದೆ. ಅಕ್ಕನ ಹೆಸರೇ ಇರಲಿಲ್ಲ. ಬಾಕಿ ಜಮೆ ಆಗುವಷ್ಟರಲ್ಲಿ ಅವರ ಬೆಂಡೋಲೆ ಗಿರವಿಗೆ ಹೋಗಿತ್ತು. ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಾಗಾಗಿ ಜೂನ್ ಪಟ್ಟಿಯನ್ನು ಜುಲೈ 16ಕ್ಕೆ ಕೇಳಿ. ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಹೆಸರು, 12 ಅಂಕಿಯ ಯುಎಎನ್ (ಪ್ರತಿಯೊಬ್ಬರ ಪಿಎಫ್ ಸಂಖ್ಯೆ) ತಾಳೆ ನೋಡಿ. ಕೊನೆಯ ಕಡೆ ‘ಎನ್‌ಸಿಪಿ ಡೇಸ್’ ಎಂಬ ಕಾಲಂ ಇರುತ್ತದೆ. ಸಂಬಳವಿಲ್ಲದ ದಿನಗಳ ಲೆಕ್ಕ ಅದು. ತಿಂಗಳಿಡೀ ಒಲೆ ಮುಂದೆ ನಿಂತವರಿಗೆ ಅಲ್ಲಿ 10 ಅಂತ ಬರೆದಿದ್ದರೆ ಸಹಿ ಹಾಕಬೇಡಿ.

ಆಮೇಲೆ ಅವರ ಮೊಬೈಲ್‌ನಲ್ಲೇ, ಉಮಂಗ್ ಆ್ಯಪ್‌ನಲ್ಲಿ, ಪಾಸ್‌ಬುಕ್ ತೆಗೆದು ತೋರಿಸಿ. ಪಿಎಫ್ ಲೆಕ್ಕದ ಸಂಬಳ 14,000 ಆದರೆ ಅವರ ಪಾಲು 12%, ಅಂದರೆ 1,680. ಮಾಲೀಕರದ್ದೂ, ಅಂದರೆ ಏಜೆನ್ಸಿಯದ್ದೂ, ಅಷ್ಟೇ, ಆದರೆ ಅದು ಪಿಎಫ್‌ಗೆ 514 ಮತ್ತು ಪಿಂಚಣಿಗೆ 1,166 ಎಂದು ಒಡೆದು ಕಾಣುತ್ತದೆ. ಇದನ್ನು ನೋಡಿ ದುಡ್ಡು ಕಡಿಮೆ ಬಂತು ಅಂತ ತುಂಬಾ ಜನ ಗಾಬರಿಯಾಗುತ್ತಾರೆ. ಹೇಳಿಕೊಡಿ. ಮಾಲೀಕರ ಪಾಲನ್ನೂ ಸಂಬಳದಲ್ಲೇ ಮುರಿಯುವವರಿದ್ದಾರೆ. ಅದು ತಪ್ಪು. ಸಂಬಳ ಚೀಟಿ ನೋಡಿದರೆ ಗೊತ್ತಾಗುತ್ತದೆ. ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ಅಡುಗೆಯವರ ಸಂಬಳದಿಂದ 0.75% ಮಾತ್ರ ಮುರಿಯಬೇಕು.

ವ್ಯತ್ಯಾಸ ಕಂಡರೆ ಫೋನಲ್ಲಿ ಜಗಳ ಬೇಡ. ತಾಲ್ಲೂಕು ಅಧಿಕಾರಿಗೆ ಹೆಸರು, ತಿಂಗಳು, ಮೊತ್ತ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಅಡುಗೆಯವರೇ ಮಾಹಿತಿ ಹಕ್ಕಿನಲ್ಲಿ ಇಸಿಆರ್ ಪ್ರತಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಅರ್ಜಿ 150 ಪದ ದಾಟಬಾರದು. ಬರೆಯಲು ಬಾರದವರ ಜೊತೆ ಕೂತು ನೀವೇ ಬರೆದುಕೊಡಿ.