ಎರೆ ಹೊಲದ ಒಡ್ಡು ಮತ್ತು ಅಂದಾಜು ಪಟ್ಟಿಯಲ್ಲಿಲ್ಲದ ಕೋಡಿ

ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ನದಿಗೆ ಸೇರುವ ಒಂದು ಹಳ್ಳದ ಮೇಲ್ಭಾಗದಲ್ಲಿ ನಮ್ಮ 4 ಎಕರೆ ಎರೆ ಹೊಲವಿದೆ, ಅಂದರೆ ಕಪ್ಪು ಮಣ್ಣಿನ ಹೊಲ. ಮುಂಗಾರಿಗೆ ತೊಗರಿ, ಅದರ ಸಾಲುಗಳ ನಡುವೆ ಹೆಸರು. ಇದು ತಂದೆಯವರ ಕಾಲದಿಂದ ಬಂದ ಕ್ರಮ. ನಾನು ಹುಡುಗನಿದ್ದಾಗ ಒಂದೇ ಹೆಜ್ಜೆಯಲ್ಲಿ ದಾಟುತ್ತಿದ್ದ ಕೆಳಮೂಲೆಯ ಕೊರಕಲು 2021ರ ಹೊತ್ತಿಗೆ ಕುಂಟೆ ಹೊಡೆಯುವಾಗ ಎತ್ತು ತಿರುಗಿಸಲಾಗದಷ್ಟು ಅಗಲವಾಗಿತ್ತು. ಒಂದು ಹೆಕ್ಟೇರಿನ ಮೇಲಿಂದ 1 ಮಿಲಿಮೀಟರ್ ಮಣ್ಣು ಹೋಯಿತೆಂದರೆ 10 ಘನ ಮೀಟರ್ ಹೋದಂತೆ, ಅಂದರೆ ಸುಮಾರು ಮೂರು ಟ್ರ್ಯಾಕ್ಟರ್ ಟ್ರಾಲಿ. ಅಷ್ಟು ಗೊಬ್ಬರವನ್ನು ನಾನು ಯಾವ ವರ್ಷವೂ ಹೊಲಕ್ಕೆ ಹಾಕಿದವನಲ್ಲ.

ಒಡ್ಡು ಹಾಕಿಸಲು ಸರ್ಕಾರದ ಹಣ ಎಲ್ಲಿಂದ ಸಿಗುತ್ತದೆ ಎಂದು ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದೆ. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಭಾಗಕ್ಕೆ ಕೇಂದ್ರ 60 ಮತ್ತು ರಾಜ್ಯ 40ರ ಪಾಲಿನಲ್ಲಿ ಹಣ ಬರುತ್ತದೆ. 2021ರಲ್ಲಿ ಆರಂಭವಾದ ಎರಡನೆಯ ಹಂತದಲ್ಲಿ ಬಯಲು ಪ್ರದೇಶದ ವೆಚ್ಚದ ಮಿತಿಯನ್ನು ಹೆಕ್ಟೇರಿಗೆ 12,000 ರೂಪಾಯಿಯಿಂದ 22,000ಕ್ಕೆ ಏರಿಸಲಾಗಿದೆ. ಆದರೆ ಆ ಮೊತ್ತವೆಲ್ಲ ಒಡ್ಡಿಗೆ ಬರುವುದಿಲ್ಲ, ಆಡಳಿತ, ತರಬೇತಿ, ಜೀವನೋಪಾಯದ ಖರ್ಚುಗಳೂ ಅದರೊಳಗೇ ಇವೆ. ಅದಕ್ಕಿಂತ ಮುಖ್ಯವಾಗಿ, ಅದು ಇಲಾಖೆ ಆಯ್ಕೆ ಮಾಡಿದ ಜಲಾನಯನಗಳಿಗೆ ಹೋಗುವ ಹಣವೇ ಹೊರತು ಒಬ್ಬ ರೈತ ಅರ್ಜಿ ಕೊಟ್ಟು ತರುವ ಹಣವಲ್ಲ. ನಮ್ಮ ಹಳ್ಳ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಉಳಿದದ್ದು ನರೇಗಾ, ನಮ್ಮ ಕಡೆ ಎಲ್ಲರೂ ಖಾತ್ರಿ ಕೆಲಸ ಎನ್ನುವುದು. ಜಾಬ್ ಕಾರ್ಡ್ ಇರುವ ಸಣ್ಣ ರೈತ ತನ್ನ ಸ್ವಂತ ಹೊಲದಲ್ಲಿ ಒಡ್ಡು ಹಾಕಿಸಿಕೊಂಡು, ಅದೇ ಕೆಲಸದಲ್ಲಿ ತಾನೂ ದುಡಿದು ಕೂಲಿ ಪಡೆಯಲು ಅದರಲ್ಲಿ ಅವಕಾಶವಿತ್ತು.

ಅರ್ಜಿಯೇನೋ ಎರಡು ಹಾಳೆಯದು, ತಡವಾದದ್ದು ಪಹಣಿಯಿಂದ. ತಂದೆ ತೀರಿಕೊಂಡು ಆರು ವರ್ಷವಾಗಿದ್ದರೂ ಪಹಣಿಯಲ್ಲಿ ಅವರ ಹೆಸರೇ ಇತ್ತು. ಫೌತಿ ಖಾತೆಯಾಗಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗಿ, ತಮ್ಮನೂ ನಾನೂ ಪಾಲು ಮಾಡಿಕೊಂಡು ಹೆಸರು ಪ್ರತ್ಯೇಕವಾಗುವವರೆಗೆ ಅರ್ಜಿ ಮುಂದೆ ಹೋಗಲಿಲ್ಲ. ಅಕ್ಟೋಬರ್ ತಿಂಗಳ ಗ್ರಾಮಸಭೆಯಲ್ಲಿ ಹೆಸರು ಓದಿಸಿ ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿಸದಿದ್ದರೆ ಒಂದು ವರ್ಷವೇ ಹೋಗುತ್ತಿತ್ತು. ನಾನು ಅದನ್ನು ಕೆಲವೇ ದಿನಗಳ ಅಂತರದಲ್ಲಿ ಉಳಿಸಿಕೊಂಡೆ.

ಹೊಲ ಉದ್ದ 600 ಅಡಿ, ಅಗಲ 300 ಅಡಿ ಇದ್ದು, ಇಳಿಜಾರು ಉದ್ದದ ಕಡೆಗೆ 100 ಅಡಿಗೆ ಒಂದೂವರೆ ಅಡಿಯಷ್ಟಿದೆ. ಇಳಿಜಾರಿಗೆ ಅಡ್ಡಲಾಗಿ ಮೂರು ಒಡ್ಡು, ಒಟ್ಟು 900 ಅಡಿ. ಬುಡ 6 ಅಡಿ, ತಲೆ 2 ಅಡಿ, ಎತ್ತರ ಎರಡೂವರೆ ಅಡಿ. ಹಾಗೆಂದರೆ ಒಂದು ಅಡಿ ಉದ್ದದ ಒಡ್ಡಿಗೆ 10 ಘನ ಅಡಿ ಮಣ್ಣು, ಒಟ್ಟು 9,000 ಘನ ಅಡಿ. ಅಂದಾಜು ಪಟ್ಟಿಯಲ್ಲಿ ಇದ್ದದ್ದು ಇಷ್ಟೇ. ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಯ ಬಗ್ಗೆ ಕೇಳಿದಾಗ, ಕಲ್ಲು ಸೇರಿಸಿದರೆ ಸಾಮಗ್ರಿ ಬಿಲ್ಲು ಆಗುತ್ತದೆ, ಅದು ಬರುವುದು ತಡ, ಕೂಲಿಯ ಕೆಲಸವಷ್ಟೇ ಬೇಗ ಮುಗಿಯುತ್ತದೆ ಎಂಬ ಉತ್ತರ ಬಂತು. ನಾನು ಒಪ್ಪಿಕೊಂಡೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ.

2022ರ ಏಪ್ರಿಲ್ ಕೊನೆಯಲ್ಲಿ ಕೆಲಸ ಶುರುವಾಯಿತು. ಬೇಸಿಗೆಯ ಎರೆ ಮಣ್ಣಿಗೆ ಗುದ್ದಲಿ ಹಾಕಿದರೆ ಕಲ್ಲಿಗೆ ಹಾಕಿದಂತೆ ಪುಟಿಯುತ್ತದೆ. ಬಿರುಕು ನೋಡಿ ಹಾರೆ ಇಳಿಸಿ ಹೆಂಟೆ ಎಬ್ಬಿಸಬೇಕು. ಆ ವರ್ಷದ ದಿನಗೂಲಿ 309 ರೂಪಾಯಿ, ಆದರೆ ಅದು ಹಾಜರಿಗೆ ಸಿಗುವುದಲ್ಲ, ಅಳತೆಗೆ ಸಿಗುವುದು. ಅಳೆಯುವುದೂ ಒಡ್ಡನ್ನಲ್ಲ, ಮಣ್ಣು ತೆಗೆದ ಗುಂಡಿಯನ್ನು, ಏಕೆಂದರೆ ಸಡಿಲವಾಗಿ ಸುರಿದ ಮಣ್ಣು ಮುಂದೆ ಕುಸಿದು ಕೂರುತ್ತದೆ. ಅದಕ್ಕಾಗಿ ಪ್ರತಿ ಗುಂಡಿಯ ನಡುವೆ ಒಂದು ಗೇಣಗಲದ ದಿಬ್ಬವನ್ನು ಅಗೆಯದೆ ಬಿಡಬೇಕು. ಮೊದಲು ನೆಲ ಎಷ್ಟು ಎತ್ತರವಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಕೂಲಿಕಾರರ ಗುಂಪನ್ನು ನೋಡಿಕೊಳ್ಳುವ ನಮ್ಮ ಕಾಯಕ ಬಂಧು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ಹೆಣ್ಣುಮಗಳು, ದಿಬ್ಬ ಮುಟ್ಟಿದವರನ್ನು ಗದರಿಸುತ್ತಿದ್ದಳು. ಆದರೂ ಕೊನೆಯ ವಾರದ ಗುಂಡಿಗಳನ್ನು ಅಳೆಯಲು ಬರಬೇಕಾದವರು ಎರಡು ಬಾರಿ ದಿನ ಮುಂದೂಡಿದರು. ನಡುವೆ ಒಂದು ಅಡ್ಡಮಳೆ ಬಿದ್ದು ಗುಂಡಿಗಳಲ್ಲಿ ಹೂಳು ತುಂಬಿತು, ದಿಬ್ಬಗಳು ಕರಗಿದವು. ಆ ವಾರದ ಕೂಲಿ 262 ರೂಪಾಯಿಯಂತೆ ಜಮೆಯಾಯಿತು. ನನ್ನ ಹೊಲದ ಕೆಲಸಕ್ಕೆ ಬಂದ ಹದಿನಾಲ್ಕು ಮಂದಿಗೆ ಮುಖ ತೋರಿಸುವುದು ನನಗೆ ಕಷ್ಟವಾಯಿತು. ಅಂದಿನಿಂದ ನಾನು ಯಾರಿಗಾದರೂ ಹೇಳುವುದಿದ್ದರೆ, ಪ್ರತಿ ಸಂಜೆ ಗುಂಡಿಯ ಉದ್ದ, ಅಗಲ, ಆಳವನ್ನು ಸ್ವಂತ ವಹಿಯಲ್ಲಿ ಬರೆದು, ಟೇಪು ಹಿಡಿದ ಫೋಟೋ ತೆಗೆದಿಡಿ ಎಂದು ಹೇಳುತ್ತೇನೆ.

ಆಶ್ಲೇಷ ಮಳೆಯಲ್ಲಿ ಎರಡನೆಯ ಒಡ್ಡು ಒಡೆಯಿತು. ಬೇಸಿಗೆಯಲ್ಲಿ ಬಿರಿಯುವುದು, ನೆನೆದ ಮೇಲೆ ಉಬ್ಬಿ ನೀರನ್ನು ಬಹಳ ನಿಧಾನವಾಗಿ ಕುಡಿಯುವುದು ಎರೆ ಮಣ್ಣಿನ ಗುಣ. ಹಾಗಾಗಿ ಸಮಮಟ್ಟದಲ್ಲಿ ಹಾಕಿದ ಒಡ್ಡಿನ ಹಿಂದೆ ನೀರು ನಿಂತೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಎಂಟು ಸಾಲು ತೊಗರಿ ಹಳದಿಯಾಯಿತು, ಆಮೇಲೆ ನೀರು ಒಡ್ಡಿನ ಬಿರುಕನ್ನೇ ಹಿಡಿದು ಹನ್ನೆರಡು ಅಡಿ ಕೊಚ್ಚಿಕೊಂಡು ಹೋಯಿತು. ಆಳವಾದ ಎರೆ ನೆಲಕ್ಕೆ ಒಡ್ಡು ಒಂದು ಪಕ್ಕಕ್ಕೆ ಸ್ವಲ್ಪ ವಾಟ (ಇಳಿಜಾರು) ಇರುವಂತೆ ಇರಬೇಕು ಎಂಬುದು ಕೃಷಿ ಇಲಾಖೆಯ ಪುಸ್ತಿಕೆಗಳಲ್ಲೇ ಇರುವ ಮಾತು. ನಾನು ಓದಿದ್ದು ಒಡೆದ ಮೇಲೆ.

2023ರ ಬೇಸಿಗೆಯಲ್ಲಿ ಗೌಂಡಿಯಿಂದ ನೀರು ತುಂಬಿದ ಮಟ್ಟದ ಪೈಪನ್ನು ತಂದು, ನಾನೂ ಮಗನೂ ಒಂದೊಂದು ಕೋಲಿಗೆ ಅದರ ತುದಿ ಕಟ್ಟಿಕೊಂಡು, 300 ಅಡಿಗೆ 9 ಇಂಚು ಇಳಿಯುವಂತೆ ಪ್ರತಿ 50 ಅಡಿಗೆ ಒಂದು ಗೂಟ ಹೊಡೆದೆವು. ಅನುದಾನದ ಕೆಲಸ ಮುಗಿದು, ಕೆಲಸದ ಮೊದಲು, ನಡುವೆ, ಮುಗಿದ ಮೇಲೆ ಎಂದು ತೆಗೆಯುವ ಮೂರು ಫೋಟೋಗಳಲ್ಲಿ ಕೊನೆಯದೂ ಇಲಾಖೆಯ ದಾಖಲೆಗೆ ಏರಿಹೋಗಿದ್ದರಿಂದ ಇದೆಲ್ಲ ಸ್ವಂತ ಖರ್ಚು. ಕೋಡಿಗೆ ಶಹಾಬಾದ್ ಕಡೆಯ ಗಣಿಗಳಲ್ಲಿ ರಾಶಿ ಬಿದ್ದಿರುವ ಒಡೆದ ಪರಸಿ (ಹಾಸುಗಲ್ಲು) ತುಂಡುಗಳನ್ನು ತಂದು, ಹಾಸಿದರೆ ಜಾರುತ್ತವೆಂದು ಪುಸ್ತಕ ಜೋಡಿಸಿದಂತೆ ನಿಲ್ಲಿಸಿ ಹೂತೆವು. ಟ್ರ್ಯಾಕ್ಟರ್ ಬಾಡಿಗೆ ಸೇರಿ ಮೂರು ಕೋಡಿಗೆ 7,400 ರೂಪಾಯಿ ಆಯಿತು.

ಕೋಡಿ ಎತ್ತ ಕಡೆ ಬಿಡಬೇಕೆಂಬುದು ಮಾತ್ರ ಹಣದಿಂದ ಬಗೆಹರಿಯಲಿಲ್ಲ. ಕೆಳಗಿನ ಹೊಲದ ಕಾಕಾ ಬಾಂದಿನ ಕಲ್ಲಿನ ಮೇಲೆ ಕೂತು, “ಸರ್ಕಾರ ಕೊಟ್ಟದ್ದು ನಿನಗ, ಕೊರಕಲು ಬೀಳೋದು ನನಗ ಏನ್ ತಮ್ಮಾ?” ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಕೊನೆಗೆ ವಾಟವನ್ನೇ ತಿರುಗಿಸಿ, ನೀರು ಬಂಡಿದಾರಿಯ ಪಕ್ಕದ ಕಾಲುವೆಗೆ ಬಿದ್ದು ಹಳ್ಳಕ್ಕೆ ಹೋಗುವಂತೆ ಗೂಟಗಳನ್ನು ಕಿತ್ತು ಮತ್ತೆ ಹೊಡೆದೆವು.

2024ರಲ್ಲಿ ಮೇಲಿನ ಹೊಲದ ತಮ್ಮನ ಅರ್ಜಿ ಮಂಜೂರಾಯಿತು. ಅಷ್ಟರಲ್ಲಿ ಕೂಲಿ 349 ರೂಪಾಯಿ ಆಗಿತ್ತು. ಅಂದಾಜು ಪಟ್ಟಿಗೆ ಸಹಿ ಹಾಕುವ ಮುನ್ನ ಅವನನ್ನು ಕೂರಿಸಿಕೊಂಡು ಸಾಲು ಸಾಲಾಗಿ ಓದಿದೆ. ಕೋಡಿ ಇರಲಿಲ್ಲ. ವಾಪಸ್ ಕಳಿಸಿ, ಸಾಮಗ್ರಿ ಬಿಲ್ಲು ತಡವಾದರೂ ಚಿಂತೆಯಿಲ್ಲ ಎಂದು ಬರೆದುಕೊಟ್ಟ ಮೇಲೆ, ಕೊನೆಯ ಸಾಲಿನಲ್ಲಿ ಕಲ್ಲಿನ ಕೋಡಿ 2 ಎಂದು ಸೇರಿಸಿದರು.