ಮಿಡಿ ಕಂಟ್ರೋಲರ್ ಜೋಡಿಸುವುದು ಹೇಗೆ? ಕೀಯಿಂದ ಸ್ಪೀಕರ್‌ವರೆಗಿನ ದಾರಿ

ಮಿಡಿ ಎಂದರೆ ಸಂಗೀತೋಪಕರಣಗಳು ಮತ್ತು ಕಂಪ್ಯೂಟರ್‌ಗಳು ಪರಸ್ಪರ ಸಂದೇಶ ಕಳಿಸುವ ಭಾಷೆ, ಮಿಡಿ ಕಂಟ್ರೋಲರ್ ಎಂದರೆ ಆ ಸಂದೇಶ ಕಳಿಸುವ ಕೀಬೋರ್ಡ್. ಹೊಸ ಮಿಡಿ ಕಂಟ್ರೋಲರ್‌ಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿ ಕೀ ಒತ್ತಿದರೆ ಲೈಟ್ ಉರಿಯುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಸಂಗೀತ ಮಾಡಲು ಹೊರಟ ಬಹಳಷ್ಟು ಜನ ಮೊದಲ ದಿನವೇ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕೀಬೋರ್ಡ್ ಕೆಟ್ಟಿದೆ ಎಂದೇ ಅವರಿಗೆ ಅನಿಸುತ್ತದೆ. ಹೆಚ್ಚಿನ ಸಲ ಅದು ಕೆಟ್ಟಿರುವುದಿಲ್ಲ. ಸದ್ದು ಮಾಡುವ ಭಾಗವೇ ಅದರೊಳಗೆ ಇಲ್ಲ, ಅಷ್ಟೇ.

ಕೀ ಒತ್ತಿದಾಗ ಕಂಟ್ರೋಲರ್ ಕಳಿಸುವುದು ಮೂರು ಸಂಖ್ಯೆಗಳ ಒಂದು ಸಂದೇಶ. ಉದಾಹರಣೆಗೆ 144, 60, 92. ಇದರಲ್ಲಿ 144 ಎಂದರೆ ಒಂದನೇ ಚಾನೆಲ್‌ನಲ್ಲಿ (ಸಂದೇಶ ಸಾಗುವ ಸಾಲಿನಲ್ಲಿ) ಸ್ವರ ಶುರುವಾಯಿತು ಎಂದು. 60 ಎಂದರೆ ಕೀಬೋರ್ಡಿನ ನಡುವಿನ ಸಿ ಸ್ವರ. 92 ಎಂದರೆ ಕೀಯನ್ನು ಎಷ್ಟು ವೇಗವಾಗಿ ಒತ್ತಿದಿರಿ ಎಂಬುದರ ಅಳತೆ. ಇದಕ್ಕೆ ವೆಲಾಸಿಟಿ ಎನ್ನುತ್ತಾರೆ. ಬೆರಳು ತೆಗೆದ ಕೂಡಲೇ ಸ್ವರ ನಿಲ್ಲಿಸು ಎಂಬ ಇನ್ನೊಂದು ಸಂದೇಶ ಹೋಗುತ್ತದೆ. ಈ ಸಂಖ್ಯೆಗಳನ್ನು ಓದಿ ಪಿಯಾನೊ, ವಯಲಿನ್ ಅಥವಾ ಡ್ರಮ್ ನುಡಿಸುವುದು ಕಂಪ್ಯೂಟರ್‌ನೊಳಗಿನ ಸಾಫ್ಟ್‌ವೇರ್ ವಾದ್ಯ.

ಹೀಗಾಗಿ ಸಂದೇಶವು ಕಂಟ್ರೋಲರ್‌ನಿಂದ ಹೊರಟು ಆಪರೇಟಿಂಗ್ ಸಿಸ್ಟಂ, ಮ್ಯೂಸಿಕ್ ಸಾಫ್ಟ್‌ವೇರ್‌ನ ಮಿಡಿ ಇನ್‌ಪುಟ್, ಟ್ರ್ಯಾಕ್ (ಸಾಫ್ಟ್‌ವೇರ್‌ನಲ್ಲಿ ಒಂದೊಂದು ವಾದ್ಯಕ್ಕೆ ಇರುವ ಸಾಲು), ಅದರ ಮೇಲಿನ ವಾದ್ಯ, ಕೊನೆಗೆ ಆಡಿಯೊ ಔಟ್‌ಪುಟ್ ಎಂಬ ಹಂತಗಳನ್ನು ಒಂದೊಂದಾಗಿ ದಾಟಬೇಕು. ಈ ದಾರಿಯನ್ನು ನೆನಪಿಟ್ಟುಕೊಂಡರೆ ಯಾವ ಕಂಪನಿಯ ಕೀಬೋರ್ಡನ್ನು ಯಾವ ಸಾಫ್ಟ್‌ವೇರ್‌ಗೆ ಬೇಕಾದರೂ ಜೋಡಿಸಬಹುದು. ಹಾಗೆ ಜೋಡಿಸಲು ಆಗುವುದು ಮಿಡಿಯನ್ನು ಸಾಮಾನ್ಯ ಭಾಷೆಯಾಗಿ ಬಳಸಲು ಕಂಪನಿಗಳ ನಡುವೆ 1983ರಲ್ಲಿ ಆದ ಒಪ್ಪಂದದ ಫಲ. ಆ ವರ್ಷದ ಜನವರಿಯಲ್ಲಿ ಅಮೆರಿಕದ ನ್ಯಾಮ್ ಸಂಗೀತೋಪಕರಣ ಮೇಳದಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್ ಕಂಪನಿಯ ಜುಪಿಟರ್-6 ಸಿಂಥಸೈಜರ್‌ಗಳನ್ನು ಕೇಬಲ್ ಹಾಕಿ ಜೋಡಿಸಿ ತೋರಿಸಿದ್ದರು. 2020ರಲ್ಲಿ ಮಿಡಿ 2.0 ಬಂದಿದೆಯಾದರೂ ನಿತ್ಯದ ಕೆಲಸ ಇಂದಿಗೂ ಬಹುಪಾಲು ಆ ಹಳೆಯ ಭಾಷೆಯಲ್ಲೇ ನಡೆಯುತ್ತಿದೆ.

ಕೇಬಲ್ ಮತ್ತು ಕಂಪ್ಯೂಟರ್

ಮೊದಲು ಕೇಬಲ್ ನೋಡಿ. ಕೆಲವು ಯುಎಸ್‌ಬಿ ಕೇಬಲ್‌ಗಳು ಚಾರ್ಜಿಂಗ್‌ಗೆ ಮಾತ್ರ ಇರುತ್ತವೆ. ಅವುಗಳಲ್ಲಿ ಕರೆಂಟ್ ಹರಿಯುತ್ತದೆ, ಡೇಟಾ ಹೋಗುವುದಿಲ್ಲ. ಲೈಟ್ ಉರಿದೂ ಕಂಪ್ಯೂಟರ್ ಗುರುತಿಸದಿದ್ದರೆ ಮೊದಲ ಅನುಮಾನ ಕೇಬಲ್ ಮೇಲೇ ಇರಲಿ. ಹಬ್ ಬಳಸುತ್ತಿದ್ದರೆ ಅದನ್ನು ಬಿಟ್ಟು ಕಂಪ್ಯೂಟರ್‌ಗೇ ನೇರವಾಗಿ ಸಿಕ್ಕಿಸಿ.

ಈಗಿನ ಹೆಚ್ಚಿನ ಕಂಟ್ರೋಲರ್‌ಗಳಿಗೆ ಪ್ರತ್ಯೇಕ ಡ್ರೈವರ್ ಬೇಕಿಲ್ಲ. ಮ್ಯಾಕ್‌ನಲ್ಲಿ 'ಆಡಿಯೊ ಮಿಡಿ ಸೆಟಪ್' ತೆರೆದು ಮಿಡಿ ಸ್ಟುಡಿಯೊ ಕಿಟಕಿಯಲ್ಲಿ ನೋಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ಪಟ್ಟಿ ನೋಡಿ. ಅಲ್ಲಿ ಹೆಸರು ಕಾಣಿಸುವವರೆಗೂ ಸಾಫ್ಟ್‌ವೇರ್ ತೆರೆದು ಪ್ರಯೋಜನವಿಲ್ಲ. ಯುಎಸ್‌ಬಿ ಇಲ್ಲದ, ಐದು ಪಿನ್‌ಗಳ ದುಂಡು ಸಾಕೆಟ್ ಇರುವ ಹಳೆಯ ಕೀಬೋರ್ಡಾದರೆ ನಡುವೆ ಒಂದು ಮಿಡಿ ಇಂಟರ್‌ಫೇಸ್ (ಮಿಡಿ ಸಂದೇಶವನ್ನು ಕಂಪ್ಯೂಟರ್‌ಗೆ ದಾಟಿಸುವ ಸಾಧನ) ಬೇಕು. ಕೀಬೋರ್ಡಿನ ಔಟ್ ಇಂಟರ್‌ಫೇಸ್‌ನ ಇನ್‌ಗೆ ಹೋಗಬೇಕು. ಔಟ್ ಅನ್ನು ಔಟ್‌ಗೇ ಜೋಡಿಸುವುದು ಇಲ್ಲಿ ತೀರಾ ಸಾಮಾನ್ಯವಾದ ತಪ್ಪು.

ಮಿಡಿಗಿಂತ ಮೊದಲು ಆಡಿಯೊ

ಸಾಫ್ಟ್‌ವೇರ್ ತೆರೆದ ಮೇಲೆ ಎಲ್ಲರ ಕಣ್ಣೂ ಮಿಡಿ ಸೆಟ್ಟಿಂಗ್ಸ್ ಕಡೆಗೇ ಹೋಗುತ್ತದೆ. ಆಡಿಯೊವನ್ನು ಮೊದಲು ಸರಿಪಡಿಸಿ ಎಂಬುದು ನನ್ನ ಬಲವಾದ ಸಲಹೆ. ಹೆಡ್‌ಫೋನ್ ಆಡಿಯೊ ಇಂಟರ್‌ಫೇಸ್‌ನಲ್ಲಿದ್ದು (ಅಂದರೆ ಕಂಪ್ಯೂಟರ್‌ಗೆ ಜೋಡಿಸುವ ಹೊರಗಿನ ಸೌಂಡ್ ಸಾಧನದಲ್ಲಿ), ಸಾಫ್ಟ್‌ವೇರ್ ಲ್ಯಾಪ್‌ಟಾಪಿನ ಸ್ಪೀಕರ್‌ಗೆ ಸದ್ದು ಕಳಿಸುತ್ತಿದ್ದರೆ ಮಿಡಿ ಎಷ್ಟು ಸರಿಯಿದ್ದರೂ ನಿಮಗೆ ಏನೂ ಕೇಳಿಸದು. ಯಾವುದಾದರೂ ಆಡಿಯೊ ಫೈಲನ್ನು ಟ್ರ್ಯಾಕ್ ಮೇಲೆ ಎಳೆದು ಹಾಕಿ ಪ್ಲೇ ಮಾಡಿ. ಕೇಳಿಸಿತೇ? ಹಾಗಾದರೆ ದಾರಿಯ ಕೊನೆಯ ಹಂತ ಸರಿಯಿದೆ ಎಂದಾಯಿತು.

ಕೀ ಒತ್ತಿದ ಸ್ವಲ್ಪ ಹೊತ್ತಿನ ಮೇಲೆ ಸ್ವರ ಕೇಳಿಸುವ ತೊಂದರೆಯೂ ಇಲ್ಲಿಯದೇ. ಜನ ಕೀಬೋರ್ಡನ್ನು ದೂರುತ್ತಾರೆ, ಆದರೆ ಸೆಕೆಂಡಿಗೆ 31,250 ಬಿಟ್ ವೇಗದ ಹಳೆಯ ಮಿಡಿ ಕೇಬಲ್‌ನಲ್ಲೂ ಒಂದು ಸ್ವರದ ಸಂದೇಶ ದಾಟಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು. ತಡವಾಗುವುದು ಬಹುತೇಕ ಆಡಿಯೊ ಬಫರ್‌ನಿಂದ, ಅಂದರೆ ಸದ್ದನ್ನು ಹೊರಗೆ ಕಳಿಸುವ ಮುನ್ನ ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ತುಣುಕಿನಿಂದ. 44,100 ಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಸದ್ದಿನ 44,100 ಅಳತೆಗಳು, ಒಂದೊಂದು ಅಳತೆಯೂ ಒಂದು ಸ್ಯಾಂಪಲ್) 1024 ಸ್ಯಾಂಪಲ್ ಬಫರ್ ಇಟ್ಟರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡ್‌ಗಿಂತ ಕಡಿಮೆ. ನುಡಿಸಿ ರೆಕಾರ್ಡ್ ಮಾಡುವಾಗ 128 ಅಥವಾ 256 ಇರಲಿ. ಸದ್ದು ಚಟಪಟ ಒಡೆಯತೊಡಗಿದರೆ ಒಂದು ಹಂತ ಏರಿಸಿ. ಮಿಕ್ಸಿಂಗ್ ಮಾಡುವಾಗ 1024 ಇದ್ದರೂ ಅಡ್ಡಿಯಿಲ್ಲ. ವಿಂಡೋಸ್ ಬಳಸುವವರು ತಮ್ಮ ಆಡಿಯೊ ಇಂಟರ್‌ಫೇಸ್‌ನ ಏಸಿಯೊ ಡ್ರೈವರನ್ನೇ (ತಡ ಕಡಿಮೆ ಮಾಡುವ ಆಡಿಯೊ ಡ್ರೈವರ್) ಆಯ್ದುಕೊಳ್ಳಬೇಕು. ಇಂಟರ್‌ಫೇಸ್ ಇಲ್ಲದಿದ್ದರೆ ಉಚಿತವಾಗಿ ಸಿಗುವ ಏಸಿಯೊ4ಆಲ್ ಪ್ರಯತ್ನಿಸಬಹುದು. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಕೋರ್ ಆಡಿಯೊ ಮೊದಲಿನಿಂದಲೇ ಇರುತ್ತದೆ.

ಸಾಫ್ಟ್‌ವೇರ್‌ಗೆ ಪರಿಚಯಿಸುವುದು

ಗ್ಯಾರೇಜ್‌ಬ್ಯಾಂಡ್, ಲಾಜಿಕ್ ಪ್ರೊ ಬಳಸುವವರಿಗೆ ಇಲ್ಲಿ ಕೆಲಸವೇ ಇಲ್ಲ. ಕೀಬೋರ್ಡ್ ತಾನಾಗಿ ಸೇರಿಕೊಳ್ಳುತ್ತದೆ. ಎಫ್‌ಎಲ್ ಸ್ಟುಡಿಯೊದಲ್ಲಿ ಆಪ್ಷನ್ಸ್ ಮೆನುವಿನ ಮಿಡಿ ಸೆಟ್ಟಿಂಗ್ಸ್‌ಗೆ ಹೋಗಿ, ಇನ್‌ಪುಟ್ ಪಟ್ಟಿಯಲ್ಲಿ ಕೀಬೋರ್ಡಿನ ಹೆಸರು ಆಯ್ದು ಎನೇಬಲ್ ಒತ್ತಿ. ರೀಪರ್‌ನಲ್ಲಿ ಪ್ರಿಫರೆನ್ಸಸ್‌ನ ಮಿಡಿ ಪಟ್ಟಿಯಲ್ಲಿ ಇನ್‌ಪುಟ್ ಆನ್ ಮಾಡಿ. ಏಬಲ್ಟನ್ ಲೈವ್‌ನ ಮಿಡಿ ಪುಟದಲ್ಲಿ ಪ್ರತಿ ಪೋರ್ಟ್‌ಗೆ ಟ್ರ್ಯಾಕ್, ಸಿಂಕ್, ರಿಮೋಟ್ ಎಂಬ ಸ್ವಿಚ್‌ಗಳಿರುತ್ತವೆ. ಸ್ವರ ನುಡಿಸಲು ಟ್ರ್ಯಾಕ್ ಬೇಕು, ನಾಬ್‌ಗಳಿಂದ ಸಾಫ್ಟ್‌ವೇರ್ ನಿಯಂತ್ರಿಸಲು ರಿಮೋಟ್ ಬೇಕು. ಸಿಂಕ್ ಸದ್ಯಕ್ಕೆ ಬೇಡ.

ಒಂದೇ ಕಂಟ್ರೋಲರ್ ಪಟ್ಟಿಯಲ್ಲಿ ಎರಡು ಮೂರು ಹೆಸರುಗಳಲ್ಲಿ ಕಂಡರೆ ಗಾಬರಿ ಬೇಡ. ಒಂದು ಪೋರ್ಟ್ ಕೀಗಳದ್ದು. ಇನ್ನೊಂದು ಪ್ಲೇ, ಸ್ಟಾಪ್, ಫೇಡರ್‌ಗಳ ಮೂಲಕ ಸಾಫ್ಟ್‌ವೇರ್ ನಡೆಸಲು ಮೀಸಲಾದದ್ದು. ಕೀಗಳ ಪೋರ್ಟನ್ನು ಮಾತ್ರ ಟ್ರ್ಯಾಕ್‌ಗೆ ಬಿಡಿ. ಎರಡನ್ನೂ ಬಿಟ್ಟರೆ ಕೆಲವು ಸಾಧನಗಳಲ್ಲಿ ಗುಂಡಿ ಒತ್ತಿದಾಗಲೂ ಸ್ವರ ನುಡಿಯುತ್ತದೆ.

ಪಟ್ಟಿಯಲ್ಲಿ ಹೆಸರಿದ್ದೂ ಪೋರ್ಟ್ ತೆರೆಯಲಾಗುತ್ತಿಲ್ಲ ಎಂಬ ಸೂಚನೆ ಬಂದರೆ? ಅನೇಕ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಒಂದು ಮಿಡಿ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಲ್ಲದು. ಕಂಟ್ರೋಲರ್ ಜತೆ ಬಂದ ಎಡಿಟರ್ ಅಥವಾ ಇನ್ನೊಂದು ಮ್ಯೂಸಿಕ್ ಸಾಫ್ಟ್‌ವೇರ್ ತೆರೆದಿದ್ದರೆ ಮುಚ್ಚಿ ನೋಡಿ.

ಟ್ರ್ಯಾಕ್ ಮತ್ತು ಮೀಟರ್

ಹೊಸ ಟ್ರ್ಯಾಕ್ ಮಾಡಿ, ವಾದ್ಯವೊಂದನ್ನು ಅದರ ಮೇಲೆ ಹಾಕಿ. ರೆಕಾರ್ಡ್ ಆರ್ಮ್ ಗುಂಡಿ (ಟ್ರ್ಯಾಕನ್ನು ರೆಕಾರ್ಡಿಂಗ್‌ಗೆ ಸಿದ್ಧಮಾಡುವುದು) ಕೆಂಪಾಗಲಿ, ಮಾನಿಟರಿಂಗ್ (ನುಡಿಸುತ್ತಿರುವುದನ್ನು ಆಗಲೇ ಕೇಳಿಸುವುದು) ಆನ್ ಇರಲಿ, ಮಿಡಿ ಇನ್‌ಪುಟ್ 'ಆಲ್ ಚಾನೆಲ್ಸ್' ಎಂದಿರಲಿ. ಮಿಡಿಯಲ್ಲಿ 16 ಚಾನೆಲ್‌ಗಳಿದ್ದು, ಡ್ರಮ್ ಪ್ಯಾಡ್‌ಗಳು ಬಹಳಷ್ಟು ಸಲ 10ನೇ ಚಾನೆಲ್‌ನಲ್ಲಿ ಕಳಿಸುತ್ತವೆ. ಕೀಗಳು ನುಡಿದು ಪ್ಯಾಡ್‌ಗಳು ಸುಮ್ಮನಿದ್ದರೆ ನಿಮ್ಮ ಟ್ರ್ಯಾಕ್ ಒಂದನೇ ಚಾನೆಲ್ ಮಾತ್ರ ಕೇಳುತ್ತಿರಬಹುದು.

ಈಗ ಕೀ ಒತ್ತಿ ಮೀಟರ್ ನೋಡಿ. ಇಡೀ ಜೋಡಣೆಯಲ್ಲಿ ಇಷ್ಟು ಉಪಯುಕ್ತವಾದ ವಸ್ತು ಇನ್ನೊಂದಿಲ್ಲ. ಮಿಡಿ ಸೂಚಕ ಅಲುಗದಿದ್ದರೆ ತೊಂದರೆ ಟ್ರ್ಯಾಕ್‌ಗಿಂತ ಹಿಂದಿದೆ: ಕೇಬಲ್, ಪೋರ್ಟ್, ಆರ್ಮ್, ಚಾನೆಲ್. ಮಿಡಿ ಸೂಚಕ ಅಲುಗಿ ಆಡಿಯೊ ಮೀಟರ್ ಸುಮ್ಮನಿದ್ದರೆ ತೊಂದರೆ ವಾದ್ಯದಲ್ಲಿ. ಎರಡೂ ಅಲುಗಿ ಸದ್ದು ಬಾರದಿದ್ದರೆ ಆಡಿಯೊ ಔಟ್‌ಪುಟ್ ನೋಡಬೇಕು. ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸುತ್ತಾ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ.

ವಾದ್ಯ ಮೌನವಾಗಿದ್ದರೆ ಆಕ್ಟೇವ್ ಗುಂಡಿ (ಎಲ್ಲ ಕೀಗಳ ಸ್ವರವನ್ನು ಒಂದು ಸ್ಥಾಯಿ ಮೇಲೆ ಅಥವಾ ಕೆಳಗೆ ಸರಿಸುವುದು) ಪರೀಕ್ಷಿಸಿ. 25 ಕೀಗಳ ಕಂಟ್ರೋಲರ್‌ನಲ್ಲಿ ಆಕ್ಟೇವ್ ಎರಡು ಮೆಟ್ಟಿಲು ಕೆಳಗಿಳಿದಿದ್ದರೆ ನುಡಿಸಿದ್ದೆಲ್ಲ ವಾದ್ಯದ ವ್ಯಾಪ್ತಿಯ ಹೊರಗೆ ಬೀಳಬಹುದು. ವಯಲಿನ್‌ನ ಅತಿ ಕೆಳಗಿನ ತೆರೆದ ತಂತಿಯ ಸ್ವರ 55. ಅದಕ್ಕಿಂತ ಕೆಳಗೆ, ನಿಜವಾದ ವಯಲಿನ್ ರೆಕಾರ್ಡ್ ಮಾಡಿ ತಯಾರಿಸಿದ ಹೆಚ್ಚಿನ ಸಾಫ್ಟ್‌ವೇರ್ ವಯಲಿನ್‌ಗಳಲ್ಲಿ ಸದ್ದೇ ಇರುವುದಿಲ್ಲ. ಸ್ವರದ ಹೆಸರನ್ನು ನಂಬುವುದಕ್ಕಿಂತ ಸಂಖ್ಯೆಯನ್ನು ನಂಬಿ. ಅದೇ 60 ಏಬಲ್ಟನ್‌ನಲ್ಲಿ ಸಿ3, ಎಫ್‌ಎಲ್ ಸ್ಟುಡಿಯೊದಲ್ಲಿ ಸಿ5.

ಬೆರಳಿಗೆ ಒಗ್ಗಿಸುವುದು

ಸದ್ದು ಬಂದ ಕೂಡಲೇ ಕೆಲಸ ಮುಗಿಯಿತು ಎಂದು ಬಿಟ್ಟುಬಿಡುವವರು ಬಹಳ. ನುಡಿಸಾಣಿಕೆಗೆ ಜೀವ ಬರುವುದು ಇದರ ಮುಂದಿನ ಹೊಂದಾಣಿಕೆಗಳಿಂದ. ಪಿಯಾನೊ ಟ್ರ್ಯಾಕ್ ಮೇಲೆ ಒಂದೇ ಸ್ವರವನ್ನು ತೀರಾ ಮೆಲ್ಲಗೆ ಶುರುಮಾಡಿ ನಿಧಾನಕ್ಕೆ ಜೋರು ಮಾಡುತ್ತಾ ರೆಕಾರ್ಡ್ ಮಾಡಿ. ನಂತರ ಮಿಡಿ ಎಡಿಟರ್‌ನಲ್ಲಿ ವೆಲಾಸಿಟಿ ಗೆರೆಗಳನ್ನು ನೋಡಿ. ಅವು 20, 30ರ ಆಸುಪಾಸಿನಿಂದ 120ರ ತನಕ ಮೆಟ್ಟಿಲಿನಂತೆ ಏರಿದ್ದರೆ ಒಳ್ಳೆಯದು. ಎಲ್ಲವೂ 100ರ ಮೇಲೇ ಗುಂಪುಗೂಡಿದ್ದರೆ ಕಂಟ್ರೋಲರ್‌ನ ವೆಲಾಸಿಟಿ ಕರ್ವ್ (ಬೆರಳಿನ ವೇಗಕ್ಕೆ ಎಷ್ಟು ವೆಲಾಸಿಟಿ ಎಂದು ನಿರ್ಧರಿಸುವ ಸೆಟ್ಟಿಂಗ್) ನಿಮ್ಮ ಕೈಗೆ ಹೊಂದುತ್ತಿಲ್ಲ. ಇನ್ನೊಂದು ಕರ್ವ್ ಆಯ್ದು ಮತ್ತೆ ರೆಕಾರ್ಡ್ ಮಾಡಿ. ಎಲ್ಲವೂ ಗರಿಷ್ಠವಾದ 127 ಎಂದೇ ಇದ್ದರೆ ಫುಲ್ ಲೆವೆಲ್ ಗುಂಡಿ ಆನ್ ಆಗಿರಬಹುದು. ಎಷ್ಟೋ ಜನ ವಾದ್ಯದ ದನಿ ಕೃತಕವಾಗಿದೆ ಎಂದು ಹೊಸ ಪ್ಲಗಿನ್ ಹುಡುಕುತ್ತಾರೆ. ಅದಕ್ಕೂ ಮೊದಲು ಈ ಕರ್ವ್ ನೋಡಿಕೊಳ್ಳುವುದು ಲೇಸು.

ಸಸ್ಟೈನ್ ಪೆಡಲ್ ಕಳಿಸುವುದು 64ನೇ ಕಂಟ್ರೋಲ್ ಸಂದೇಶ: 0ಯಿಂದ 63ರವರೆಗೆ ಆಫ್, 64ರಿಂದ ಮೇಲೆ ಆನ್. ಪೆಡಲ್ ಉಲ್ಟಾ ಕೆಲಸ ಮಾಡಿದರೆ, ಅಂದರೆ ಕಾಲು ಎತ್ತಿದಾಗ ಸ್ವರ ಎಳೆದು, ಒತ್ತಿದಾಗ ನಿಂತರೆ, ಕೀಬೋರ್ಡ್ ಆಫ್ ಮಾಡಿ ಪೆಡಲ್ ಸಿಕ್ಕಿಸಿ, ಅದರ ಮೇಲೆ ಕಾಲಿಡದೆ ಆನ್ ಮಾಡಿ. ಬಹಳಷ್ಟು ಕೀಬೋರ್ಡ್‌ಗಳು ಆನ್ ಆಗುವ ಗಳಿಗೆಯಲ್ಲೇ ಪೆಡಲ್‌ನ ಸ್ವಭಾವ ಗುರುತಿಸುತ್ತವೆ.

ನಾಬ್‌ಗಳನ್ನು ಸಾಫ್ಟ್‌ವೇರ್‌ಗೆ ಬೆಸೆಯುವುದು ಸುಲಭ. ಏಬಲ್ಟನ್‌ನಲ್ಲಿ ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿ, ಮ್ಯಾಕ್ ಆದರೆ ಕಮಾಂಡ್ ಮತ್ತು ಎಂ. ತೆರೆಯ ಮೇಲೆ ಬೇಕಾದ ನಿಯಂತ್ರಣ ಕ್ಲಿಕ್ಕಿಸಿ, ಕಂಟ್ರೋಲರ್‌ನ ನಾಬ್ ತಿರುಗಿಸಿ. ಎಫ್‌ಎಲ್ ಸ್ಟುಡಿಯೊದಲ್ಲಿ ರೈಟ್ ಕ್ಲಿಕ್ ಮಾಡಿ 'ಲಿಂಕ್ ಟು ಕಂಟ್ರೋಲರ್' ಆಯ್ದುಕೊಳ್ಳಿ. ಎಂಟು ನಾಬ್‌ಗಳಿವೆ ಎಂದು ಎಂಟಕ್ಕೂ ಕೆಲಸ ಹಚ್ಚಬೇಡಿ. ಫಿಲ್ಟರ್, ರಿವರ್ಬ್, ವಾಲ್ಯೂಮ್ ಹೀಗೆ ಮೂರು ನಾಲ್ಕು ಸಾಕು, ಯಾವ ನಾಬ್ ಎಲ್ಲಿದೆ ಎಂದು ನೋಡದೆಯೇ ಕೈ ಹೋಗಬೇಕು. ನಾಬ್ ಮುಟ್ಟಿದ ಕೂಡಲೇ ವಾಲ್ಯೂಮ್ ಥಟ್ಟನೆ ಹಾರಿದರೆ ಅದು ದೋಷವಲ್ಲ. ನಾಬ್ 20ರಲ್ಲಿ, ಸಾಫ್ಟ್‌ವೇರ್ 100ರಲ್ಲಿ ಇದ್ದಾಗ ಹೀಗಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪಿಕಪ್ ಅಥವಾ ಟೇಕ್‌ಓವರ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ನಾಬ್ ಆ ಮಟ್ಟ ಮುಟ್ಟಿದ ಮೇಲಷ್ಟೇ ಬದಲಾವಣೆ ಶುರುವಾಗುತ್ತದೆ.

ಏಬಲ್ಟನ್‌ನಲ್ಲಿ ಹೀಗೆ ಮಾಡಿದ ಮ್ಯಾಪಿಂಗ್ ಆಯಾ ಪ್ರಾಜೆಕ್ಟ್‌ನೊಳಗೆ ಉಳಿಯುತ್ತದೆಯೇ ಹೊರತು ಮುಂದಿನ ಹಾಡಿಗೆ ತಾನಾಗಿ ಬರುವುದಿಲ್ಲ. ಆದ್ದರಿಂದ ವಾದ್ಯ, ಇನ್‌ಪುಟ್, ಮ್ಯಾಪಿಂಗ್ ಎಲ್ಲ ಸರಿಹೋದ ಖಾಲಿ ಪ್ರಾಜೆಕ್ಟನ್ನು ಟೆಂಪ್ಲೇಟ್ ಆಗಿ ಸೇವ್ ಮಾಡಿ. ಮುಂದಿನ ಸಲ ಕಂಟ್ರೋಲರನ್ನು ಅದೇ ಯುಎಸ್‌ಬಿ ಪೋರ್ಟ್‌ಗೆ ಮೊದಲು ಸಿಕ್ಕಿಸಿ, ಆಮೇಲೆ ಸಾಫ್ಟ್‌ವೇರ್ ತೆರೆಯಿರಿ.