ಹದಿನೈದು ತಿಂಗಳ ಬಾಡಿಗೆ ಬಾಕಿ: ನಾನು ವಸೂಲಿ ಮಾಡಿದ್ದು ಹೀಗೆ

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ನನ್ನದೊಂದು ಹಳೇ ಡ್ಯುಪ್ಲೆಕ್ಸ್ ಇದೆ, ಅಂದರೆ ಎರಡು ಸಂಸಾರ ಬೇರೆ ಬೇರೆ ಇರಬಹುದಾದ ಮನೆ. ಒಂದು ಭಾಗದ ಬಾಡಿಗೆ ಆಗ 1,450 ಡಾಲರ್ ಇತ್ತು. ಅಲ್ಲಿದ್ದ ಹೆಣ್ಣುಮಗಳು ಸಲೂನ್‌ನಲ್ಲಿ ಕೆಲಸ ಮಾಡುತ್ತಿದ್ದಳು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಸಲೂನ್ ಬಾಗಿಲು ಹಾಕಿತು, ಏಪ್ರಿಲ್‌ನಿಂದ ಬಾಡಿಗೆ ನಿಂತಿತು. 2021ರ ಜೂನ್ ಹೊತ್ತಿಗೆ ಬಾಕಿ ಸುಮಾರು 18,700. ಅಷ್ಟೂ ಬಂತು. ಬರೋದಿಲ್ಲ ಅಂತ ಪಂದ್ಯ ಕಟ್ಟಿದವರೂ ಇದ್ದರು.

ಮೊದಲು ನಾನು ಹಾಳು ಮಾಡಿಕೊಂಡಿದ್ದನ್ನು ಹೇಳ್ತೀನಿ.

2020ರ ಜೂನ್‌ನಲ್ಲಿ ಸಿಟ್ಟಿನಲ್ಲಿ, ಬಾಕಿ ಕಟ್ಟು ಇಲ್ಲ ಮನೆ ಬಿಡು ಅಂತ ಮೂರು ದಿನದ ನೋಟಿಸ್ ಕೊಟ್ಟು, ಮನೆ ಬಿಡಿಸೋ ಕೇಸ್ ಹಾಕಿದೆ. ಕೋರ್ಟ್ ಫೀಸ್ 240, ಲಾಯರ್‌ಗೆ 1,200ರ ಹತ್ತಿರ. ಆದರೆ ಏಪ್ರಿಲ್ 6ರಿಂದಲೇ ರಾಜ್ಯದ ಕೋರ್ಟ್‌ಗಳು ಇಂಥ ಕೇಸ್‌ಗಳಿಗೆ ಸಮನ್ಸ್ ಕೊಡೋದನ್ನು ನಿಲ್ಲಿಸಿದ್ದವು. ಸಾಲದ್ದಕ್ಕೆ ನನ್ನ ಮನೆ ಸಾಲ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಬೆಂಬಲದ್ದು. ಕೋವಿಡ್ ನೆರವಿನ ಫೆಡರಲ್ ಕಾನೂನಾದ ಕೇರ್ಸ್ ಕಾಯ್ದೆ ಪ್ರಕಾರ ಅಂಥ ಸಾಲ ಇರೋ ಮಾಲೀಕರು ಬಾಡಿಗೆ ಬಾಕಿಗೆ ಜುಲೈ 24ರವರೆಗೆ ಕೇಸ್ ಹಾಕೋ ಹಾಗೇ ಇರಲಿಲ್ಲ. ಅಂದರೆ ಎರಡೆರಡು ಕಡೆ ತಪ್ಪು. ಲಾಯರ್‌ಗೂ ಇದು ಹೊಳೆದಿರಲಿಲ್ಲ, ಫೀಸ್ ಮಾತ್ರ ಮರೆಯದೆ ತೆಗೆದುಕೊಂಡರು.

ಆಗಸ್ಟ್ 31ಕ್ಕೆ ಕೋವಿಡ್ ಬಾಕಿಗೆ ಬಾಡಿಗೆದಾರರನ್ನು ಹೊರಹಾಕದಂತೆ ರಕ್ಷಿಸುವ ರಾಜ್ಯದ ಕಾನೂನು, ಎಬಿ 3088, ಬಂತು. ಅಕ್ಟೋಬರ್‌ನಲ್ಲಿ ಎರಡನೇ ಸಲ ಎಡವಿದೆ. ಕೆಲಸದ ದಿನಗಳ ಲೆಕ್ಕದಲ್ಲಿ 15 ದಿನದ ನೋಟಿಸ್ ಬೇಕಿತ್ತು, ಜೊತೆಗೆ ಕೋವಿಡ್‌ನಿಂದ ಬಾಡಿಗೆ ಕಟ್ಟಲು ಆಗುತ್ತಿಲ್ಲ ಅಂತ ಬಾಡಿಗೆದಾರರು ಸಹಿ ಹಾಕೋ ಖಾಲಿ ಘೋಷಣಾ ಪತ್ರ ಲಗತ್ತಿಸಬೇಕಿತ್ತು. ಇದನ್ನು ಸರಿಯಾಗಿಯೇ ಮಾಡಿದೆ. ಆದರೆ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಬಾಕಿಗೆ ಒಂದು ಬಗೆಯ ನೋಟಿಸ್, ಸೆಪ್ಟೆಂಬರ್‌ನಿಂದ ಮುಂದಿನದಕ್ಕೆ ಇನ್ನೊಂದು. ನಾನು ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿಸಿಬಿಟ್ಟೆ. ಕಸದ ಬುಟ್ಟಿಗೆ ಹೋಯಿತು. ನೋಟಿಸ್ ಸರಿಯಿದ್ದಿದ್ದರೂ ಆಕೆ ಆ ಘೋಷಣಾ ಪತ್ರಕ್ಕೆ ಸಹಿ ಹಾಕಿ ಕೊಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಹಳೇ ಬಾಕಿಗೆ ಮನೆ ಬಿಡಿಸೋ ಹಾಗಿರಲಿಲ್ಲ. ಹೊಸದರಲ್ಲಿ ಕಾಲು ಭಾಗ ಗಡುವಿನೊಳಗೆ ಕಟ್ಟಿದರೆ ಅದಕ್ಕೂ ಬಿಡಿಸೋ ಹಾಗಿರಲಿಲ್ಲ.

ಇದರ ಮಧ್ಯೆ ನನ್ನ ಪ್ರಯೋಗಗಳು ಬೇರೆ. ಲೇಟ್ ಫೀ ಹಾಕೋ ಹಾಗಿರಲಿಲ್ಲ. ಅದಕ್ಕೆ ಉಲ್ಟಾ ಮಾಡಿದೆ: ಐದನೇ ತಾರೀಕಿನೊಳಗೆ ಎಷ್ಟಾದರೂ ಕೊಡು, 50 ಡಾಲರ್ ಬಾಡಿಗೆಯಲ್ಲಿ ಬಿಡ್ತೀನಿ. ಮೂರು ತಿಂಗಳು ಚೆನ್ನಾಗಿ ನಡೆಯಿತು, 300, 400 ಹೀಗೆ ಬಂತು. ಆಮೇಲೆ ಸಲೂನ್ ಮತ್ತೆ ಮುಚ್ಚಿತು. ಸಾಲದ ಕಂತನ್ನೂ ಆರು ತಿಂಗಳು ತಡೆಹಿಡಿಸಿಕೊಂಡಿದ್ದೆ, ಅದನ್ನು ಸಾಲದ ಕೊನೆಗೆ ಸೇರಿಸಿದರು. ಉಪಾಯವೇನೋ ಒಳ್ಳೇದೇ, ಆದರೆ ಬಡ್ಡಿ ಶೇ 3ರ ಆಸುಪಾಸು ಇದ್ದ ಆ ಹೊತ್ತಲ್ಲಿ ರಿಫೈನಾನ್ಸ್, ಅಂದರೆ ಹಳೇ ಸಾಲ ತೀರಿಸೋಕೆ ಕಡಿಮೆ ಬಡ್ಡಿಯ ಹೊಸ ಸಾಲ, ಸಿಗಲಿಲ್ಲ. ಅದು ಈಗಲೂ ಹೊಟ್ಟೆ ಉರಿಸುತ್ತದೆ. ಪ್ರಾಪರ್ಟಿ ಟ್ಯಾಕ್ಸ್ ಮಾತ್ರ ಡಿಸೆಂಬರ್ 10, ಏಪ್ರಿಲ್ 10 ಅಂತ ತಪ್ಪದೆ ಬಂದು ನಿಲ್ಲುತ್ತಿತ್ತು.

2021ರ ಜನವರಿ ಕೊನೆಗೆ ಬಾಡಿಗೆ ಬಾಕಿಗೆ ಸರ್ಕಾರ ನೆರವು ಕೊಡುವ ರಾಜ್ಯದ ಕಾನೂನು, ಎಸ್‌ಬಿ 91, ಆಯಿತು. ಮಾರ್ಚ್ 15ಕ್ಕೆ ಅರ್ಜಿ ಶುರು. ಮಾಲೀಕ ಬಾಕಿಯ ಶೇ 20 ಬಿಟ್ಟರೆ ಸರ್ಕಾರ ಶೇ 80 ಕೊಡುತ್ತಿತ್ತು. ಮಾಲೀಕ ಒಪ್ಪದಿದ್ದರೆ ಬಾಡಿಗೆದಾರರಿಗೆ ಶೇ 25 ಮಾತ್ರ ಸಿಗುತ್ತಿತ್ತು. ಇದನ್ನು ನಾಲ್ಕು ಸಲ ಓದಿದೆ. ನಾನು ಒಪ್ಪದೆ ಕೂತರೆ ನನಗೆ ಸಿಗೋದು ಆ ಕಾಲು ಭಾಗ, ಅದೇ ಕಾಲು ಭಾಗ ಆಕೆಗೆ ಮನೆಯಲ್ಲಿ ಉಳಿಯೋದಕ್ಕೆ ರಕ್ಷಣೆ! ಮೂರು ಮನೆ ಬಾಡಿಗೆಗೆ ಬಿಟ್ಟಿರೋ ಗೆಳೆಯರೊಬ್ಬರು ನಕ್ಕರು. "ಏನ್ರೀ, ಮೂರು ಸಾವಿರ ಸುಮ್ನೆ ಬಿಟ್ಟುಕೊಡ್ತೀರಾ? ಮಿಕ್ಕಿದ್ದನ್ನ ಸರ್ಕಾರ ಕೊಡುತ್ತೆ ಅಂತ ನಂಬಿದ್ದೀರಾ?" ಲಾಯರ್ ಖರ್ಚು, ಎರಡು ತಿಂಗಳು ಮನೆ ಖಾಲಿ, ಪೇಂಟು, ಎಲ್ಲ ಸೇರಿಸಿದರೆ ಮೂರು ಸಾವಿರ ಅಗ್ಗ ಅಂತ ನನ್ನ ಲೆಕ್ಕ.

ಅರ್ಜಿ ಹಾಕಿದೆ. ಎರಡು ತಿಂಗಳು ಅಲ್ಲಾಡಲಿಲ್ಲ. ಕಾರಣ ಗೊತ್ತಾದಾಗ ನನಗೇ ನಗು ಬಂತು. ಆಕೆ ನವೆಂಬರ್ ಬಾಡಿಗೆ ಅಂತ ಚೆಕ್ಕಲ್ಲಿ ಬರೆದು ಕೊಟ್ಟ 400ನ್ನು ನಾನು ಹಿಂದಿನ ಏಪ್ರಿಲ್ ಬಾಕಿಗೆ ಜಮಾ ಮಾಡಿದ್ದೆ. ಎಸ್‌ಬಿ 91 ಬಂದ ಮೇಲೂ ಹಾಗೇ ಮಾಡುತ್ತಿದ್ದೆ. ಬಾಡಿಗೆದಾರರು ಬರೆದು ಒಪ್ಪಿಕೊಳ್ಳದೆ ಹಾಗೆ ಮಾಡಬಾರದು ಅಂತ ಆ ಕಾನೂನಿನಲ್ಲೇ ಇತ್ತು. ಹೀಗಾಗಿ ಅವಳ ಅರ್ಜಿಯ ತಿಂಗಳುಗಳೇ ಬೇರೆ, ನನ್ನ ಲೆಡ್ಜರ್ ತಿಂಗಳುಗಳೇ ಬೇರೆ.

ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಅವಳ ವರಾಂಡದಲ್ಲಿ ಮಾಸ್ಕ್ ಹಾಕಿಕೊಂಡು ಕೂತೆ. ಕೇಸ್ ಹಾಕಿದ್ದವನು ಈಗ ಅರ್ಜಿ ತುಂಬೋಣ ಅಂದರೆ ಯಾರು ನಂಬುತ್ತಾರೆ? ಅದಕ್ಕೂ ಒಂದು ವಾರ ಮುಂಚೆ ಅವಳಿಗೊಂದು ಪತ್ರ ಬರೆದಿದ್ದೆ. ಅದರಲ್ಲಿ ಏನಿತ್ತು ಅನ್ನೋದು ನನ್ನ ಹತ್ತಿರವೇ ಇರಲಿ, ಬೆದರಿಕೆಯಂತೂ ಅಲ್ಲ. ಇಬ್ಬರೂ ಚೆಕ್‌ಗಳನ್ನು ಹರಡಿಕೊಂಡು ತಿಂಗಳಿಗೆ ತಿಂಗಳು ಹೊಂದಿಸಿದೆವು. ಅವಳ ವೇತನದ ಚೀಟಿಗಳ ಫೋಟೋ ಮಬ್ಬಾಗಿದ್ದವು, ಎಲ್ಲ ಮತ್ತೆ ತೆಗೆದೆ. ಎರಡೂ ಅರ್ಜಿಯನ್ನು ಒಂದೇ ಸಂಜೆ ತಿದ್ದಿ ಕಳಿಸಿದೆವು. ಮೂರು ಗಂಟೆ ಹಿಡಿಯಿತು. ಆಮೇಲೆ ಫೋನಿನಲ್ಲಿ ಕಾಯದೆ ನಮ್ಮ ಫೈಲ್ ನೋಡುವವರನ್ನೇ ಹಿಡಿಯೋ ಒಂದು ದಾರಿ ಸಿಕ್ಕಿತು, ಅದನ್ನೂ ಇಲ್ಲಿ ಬರೆಯಲ್ಲ.

ಅಷ್ಟರಲ್ಲಿ ಅದೃಷ್ಟ. ಜೂನ್ 28ಕ್ಕೆ ಎಬಿ 832 ಅನ್ನೋ ಹೊಸ ಕಾನೂನಿಗೆ ಸಹಿಯಾಗಿ ಶೇ 80 ಇದ್ದದ್ದು ಶೇ 100 ಆಯಿತು. ನನ್ನ ಫೈಲ್ ಇನ್ನೂ ಬಾಕಿ ಇದ್ದದ್ದೇ ಒಳ್ಳೇದಾಯಿತು ನೋಡಿ. ಬಿಡೋಣ ಅಂದುಕೊಂಡಿದ್ದ ಮೂರು ಸಾವಿರವೂ ಉಳಿಯಿತು.

ಆಗಸ್ಟ್ 26ಕ್ಕೆ ಬಾಡಿಗೆದಾರರನ್ನು ಹೊರಹಾಕಬಾರದು ಅನ್ನೋ ಸಿಡಿಸಿಯ (ಫೆಡರಲ್ ಆರೋಗ್ಯ ಸಂಸ್ಥೆ) ಆದೇಶವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದಾಗ ಅದೇ ಗೆಳೆಯರು ಫೋನ್ ಮಾಡಿ ಕುಣಿದಾಡಿದರು. ನಮ್ಮ ರಾಜ್ಯದ ಕಾನೂನು ಸೆಪ್ಟೆಂಬರ್ 30ರವರೆಗೆ ಹಾಗೇ ಇತ್ತು, ಅದು ಅವರಿಗೆ ಗೊತ್ತಾಗಿದ್ದು ನೋಟಿಸ್ ಕೊಟ್ಟ ಮೇಲೆ.

ದುಡ್ಡು ಅಕ್ಟೋಬರ್ ಕೊನೆಗೋ ನವೆಂಬರ್‌ಗೋ ಚೆಕ್ ರೂಪದಲ್ಲಿ ಬಂತು. ಅಷ್ಟೂ ಒಂದೇ ವರ್ಷದ ಆದಾಯ ಆಗಿ ತೆರಿಗೆ ಜಾಸ್ತಿ ಬಿತ್ತು. ಅದಕ್ಕೆ ಮೊದಲೇ ಒಂದಿಷ್ಟು ಎತ್ತಿಡಬೇಕಿತ್ತು. ಮೊದಲ ಕೇಸಿನ ಖರ್ಚು ನನ್ನ ತಲೆ ಮೇಲೇ ಉಳಿಯಿತು.

ಆಕೆ ಜುಲೈನಿಂದ ಪೂರ್ತಿ ಬಾಡಿಗೆ ಕೊಡುತ್ತಿದ್ದಳು. ಮಾರನೇ ವರ್ಷ ತಂಗಿಯ ಊರಿಗೆ ಹೋಗುವಾಗ ಒಲೆ ಉಜ್ಜಿ ಬಿಟ್ಟು ಹೋಗಿದ್ದಳು, ಡೆಪಾಸಿಟ್ ಪೂರ್ತಿ ವಾಪಸ್ ಕೊಟ್ಟೆ. ಗೆಳೆಯರು 2022ರ ಮಾರ್ಚ್‌ನಲ್ಲಿ, ಅರ್ಜಿ ಮುಚ್ಚೋಕೆ ವಾರ ಇದ್ದಾಗ, ನನ್ನ ಲೆಡ್ಜರ್ ನಮೂನೆ ಕೇಳಿದರು. ಕಳಿಸಿದೆ. ಪತ್ರವನ್ನೂ ಕೇಳಿದರು. ಅದನ್ನು ಮಾತ್ರ ಕಳಿಸಲಿಲ್ಲ.